ಕೊಲೆಗಾರ ಮೊದಲು ನಿಮಗೆ ಗೊತ್ತಿರಲಿ: ಅಗಾಥಾ ಕ್ರಿಸ್ಟಿ ಕಲಿಸುವ ಪತ್ತೇದಾರಿ ಸೂತ್ರಗಳು

ಅಗಾಥಾ ಕ್ರಿಸ್ಟಿ 66 ಪತ್ತೇದಾರಿ ಕಾದಂಬರಿ ಬರೆದರು, 14 ಕಥಾಸಂಕಲನ ತಂದರು, ನಾಟಕಗಳನ್ನೂ ಬರೆದರು. 1952ರ ನವೆಂಬರಿನಲ್ಲಿ ಲಂಡನ್ನಿನ ರಂಗಕ್ಕೆ ಬಂದ ಅವರ 'ದಿ ಮೌಸ್‌ಟ್ರ್ಯಾಪ್' ಕೋವಿಡ್ ಕಾಲದ ಬಿಡುವೊಂದನ್ನು ಬಿಟ್ಟರೆ ಇವತ್ತಿಗೂ ನಡೆಯುತ್ತಿದೆ. ಇಷ್ಟೆಲ್ಲ ಬರೆದವರು ದೊಡ್ಡ ಓದು ಓದಿದವರಲ್ಲ. 1890ರಲ್ಲಿ ಇಂಗ್ಲೆಂಡಿನ ಡೆವನ್ ಸೀಮೆಯ ಟಾರ್ಕಿ ಎಂಬ ಕಡಲತಡಿಯ ಊರಿನಲ್ಲಿ ಹುಟ್ಟಿ, ಬಹುಪಾಲು ಮನೆಯಲ್ಲೇ ಕಲಿತರು. ನಮ್ಮ ಎನ್. ನರಸಿಂಹಯ್ಯನವರೂ ನಾಲ್ಕನೇ ತರಗತಿಯ ಓದಿನ ಬಲದಲ್ಲೇ 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದು ಒಂದು ತಲೆಮಾರಿನ ಕನ್ನಡಿಗರಿಗೆ ಓದುವ ಹುಚ್ಚು ಹಿಡಿಸಿದರು.

ಪತ್ತೇದಾರಿ ಎಂದರೆ ಹಗುರ ಸಾಹಿತ್ಯ ಎನ್ನುವವರು ಬಹಳ ಮಂದಿ. ನನ್ನ ಮಟ್ಟಿಗೆ ಇಷ್ಟು ಕಟ್ಟುನಿಟ್ಟಿನ ಬರವಣಿಗೆ ಇನ್ನೊಂದಿಲ್ಲ. ಓದುಗರಿಗೆ ಒಂದೂ ಸುಳ್ಳು ಹೇಳದೆ ಅವರ ದಾರಿ ತಪ್ಪಿಸಬೇಕು. ಕ್ರಿಸ್ಟಿ ಇದನ್ನು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹೇಗೆ ಮಾಡಿದರು ಎಂಬುದನ್ನು ನೋಡಿದರೆ, ಕನ್ನಡದಲ್ಲಿ ಪತ್ತೇದಾರಿ ಬರೆಯಲು ಹೊರಟವರಿಗೆ ಬೇಕಾದದ್ದು ಬಹಳ ಸಿಗುತ್ತದೆ. (ಯಾವ ಕಾದಂಬರಿಯಲ್ಲೂ ಕೊಲೆಗಾರ ಯಾರೆಂಬ ಗುಟ್ಟನ್ನು ಇಲ್ಲಿ ಬಿಟ್ಟುಕೊಟ್ಟಿಲ್ಲ. ಧೈರ್ಯವಾಗಿ ಓದಿ.)

1. ಕೊನೆಯಿಂದ ಹೊರಡಿ

ಓದುಗರು ಶವ ಕಂಡ ಜಾಗದಿಂದ ಕೊಲೆಗಾರನ ಕಡೆಗೆ ನಡೆಯುತ್ತಾರೆ. ನೀವು ಕೊಲೆಗಾರನಿಂದ ಶವದ ಕಡೆಗೆ ಬರಬೇಕು. ಯಾರು, ಯಾಕೆ, ಹೇಗೆ ಎಂಬ ಮೂರಕ್ಕೂ ಉತ್ತರ ಸಿಗುವವರೆಗೆ ಮೊದಲ ಅಧ್ಯಾಯಕ್ಕೆ ಕೈ ಹಾಕಬೇಡಿ. 1939ರ 'ಆಂಡ್ ದೆನ್ ದೇರ್ ವರ್ ನನ್' ಕಾದಂಬರಿಯಲ್ಲಿ ಹತ್ತು ಜನ ಒಂದು ದ್ವೀಪದಲ್ಲಿ ಸಿಕ್ಕಿಬಿದ್ದು ಒಬ್ಬೊಬ್ಬರಾಗಿ ಸಾಯುತ್ತಾರೆ. ಅದನ್ನು ಬರೆಯುವುದು ಎಷ್ಟು ಕಷ್ಟವೆಂದು ಗೊತ್ತಿದ್ದೇ ಕೈಗೆತ್ತಿಕೊಂಡೆ, ಬರೆಯುವ ಮೊದಲು ಅಪಾರ ಲೆಕ್ಕಾಚಾರ ಬೇಕಾಯಿತು ಎಂಬರ್ಥದಲ್ಲಿ ಕ್ರಿಸ್ಟಿ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಓದುವಾಗ ಅಷ್ಟು ಸರಾಗವಾಗಿ ಸಾಗುವ ಕಥೆಯ ಹಿಂದೆ ಇಷ್ಟು ಬೆವರಿದೆ.

2. ಅಗ್ಗದ ನೋಟ್‌ಬುಕ್ಕಿನಲ್ಲಿ ತಲೆ ಕೆಡಿಸಿಕೊಳ್ಳಿ

ಕೊಲೆಗಾರ ಯಾರೆಂದು ಗೊತ್ತಿರಬೇಕು ಎಂದೆ. ಆದರೆ ಅದು ಥಟ್ಟನೆ ಹೊಳೆಯುವುದಿಲ್ಲ. ಗೊಂದಲಕ್ಕೂ ಒಂದು ಜಾಗ ಬೇಕು, ಆ ಜಾಗ ನೋಟ್‌ಬುಕ್. ಹಸ್ತಪ್ರತಿಗೆ ಗೊಂದಲವನ್ನು ತರಬೇಡಿ.

ಕ್ರಿಸ್ಟಿ ಬಿಟ್ಟುಹೋದ 73 ನೋಟ್‌ಬುಕ್ಕುಗಳನ್ನು ಜಾನ್ ಕರನ್ ಎಂಬ ಅಧ್ಯಯನಕಾರರು ವರ್ಷಗಟ್ಟಲೆ ಓದಿ, 2009ರಲ್ಲಿ ಅವುಗಳ ಬಗ್ಗೆ ಪುಸ್ತಕ ತಂದರು. ಅವು ಬಹುತೇಕ ಶಾಲಾ ಮಕ್ಕಳು ಬಳಸುವಂಥ ಸಾದಾ ಪುಸ್ತಕಗಳು. ಕ್ರಮವಿಲ್ಲ, ಬಹಳ ಕಡೆ ತಾರೀಖಿಲ್ಲ. ಒಂದು ಕಾದಂಬರಿಯ ಟಿಪ್ಪಣಿ ನಾಲ್ಕಾರು ನೋಟ್‌ಬುಕ್ಕುಗಳಲ್ಲಿ ಚದುರಿದೆ, ಒಂದೇ ನೋಟ್‌ಬುಕ್ಕಿನಲ್ಲಿ ಹಲವು ಕಾದಂಬರಿಗಳಿವೆ. ಕೊಲೆಯ ಯೋಜನೆಯ ಪಕ್ಕದಲ್ಲೇ ಅಂಗಡಿ ಸಾಮಾನಿನ ಪಟ್ಟಿ, ಇಸ್ಪೀಟಾಟದ ಲೆಕ್ಕ. ಪತ್ರಿಕೆಯಲ್ಲಿ ಓದಿದ ಮೋಸದ ಪ್ರಕರಣ, ಹೊಸದಾಗಿ ಕೇಳಿದ ಔಷಧದ ಹೆಸರು, ಯಾವುದೋ ತಿರುವು, ಎಲ್ಲ ಅಲ್ಲಿಗೇ ಬೀಳುತ್ತಿದ್ದವು. ವರ್ಷಗಳ ನಂತರ ಹಳೆಯ ಗೀಚು ಕಣ್ಣಿಗೆ ಬಿದ್ದು ಅದರಿಂದಲೇ ಕಾದಂಬರಿ ಹುಟ್ಟಿದ್ದುಂಟು.

ಅವುಗಳಿಂದ ಎರಡು ಅಭ್ಯಾಸಗಳನ್ನು ಇವತ್ತೇ ಎತ್ತಿಕೊಳ್ಳಬಹುದು. ಮೊದಲನೆಯದು, ತಮ್ಮನ್ನು ತಾವೇ ಪ್ರಶ್ನೆ ಕೇಳಿಕೊಳ್ಳುವುದು. ಇವಳೇ ಆದರೆ? ಇವಳಲ್ಲ, ಅತ್ತೆಯಾದರೆ? ಸತ್ತವರು ಬೇರೆಯವರಾದರೆ? 'ಕ್ರುಕೆಡ್ ಹೌಸ್' ಕಾದಂಬರಿಯ ಟಿಪ್ಪಣಿಯಲ್ಲಿ ಒಬ್ಬರಿಗಿಂತ ಹೆಚ್ಚು ಪಾತ್ರಗಳನ್ನು ಅವರು ಕೊಲೆಗಾರನ ಜಾಗದಲ್ಲಿ ಕೂರಿಸಿ ನೋಡಿದ್ದಾರೆ. ಎರಡನೆಯದು, ಬರೆಯಬೇಕಾದ ದೃಶ್ಯಗಳಿಗೆ ಎ, ಬಿ, ಸಿ ಎಂದು ಅಕ್ಷರ ಕೊಡುವುದು, ಆಮೇಲೆ ಆ ಅಕ್ಷರಗಳನ್ನು ಹಿಂದುಮುಂದು ಮಾಡಿ ಯಾವ ಸಾಲಿನಲ್ಲಿ ಕುತೂಹಲ ಹೆಚ್ಚುತ್ತದೆ ಎಂದು ನೋಡುವುದು. ಒಂದಕ್ಷರ ಅತ್ತಿತ್ತ ಮಾಡುವುದಕ್ಕೆ ಅರೆ ನಿಮಿಷ ಸಾಕು. ಬರೆದಾದ ಅಧ್ಯಾಯವನ್ನು ಕಿತ್ತು ಬೇರೆ ಕಡೆ ಸೇರಿಸಲು ತಿಂಗಳು ಹಿಡಿಯುತ್ತದೆ.

3. ಹೊಟ್ಟೆಪಾಡಿನ ಕೆಲಸವನ್ನು ಕಥೆಗೆ ದುಡಿಸಿಕೊಳ್ಳಿ

ಮೊದಲ ಮಹಾಯುದ್ಧದಲ್ಲಿ ಟಾರ್ಕಿಯ ಪುರಭವನವೇ ಆಸ್ಪತ್ರೆಯಾಗಿತ್ತು. ಕ್ರಿಸ್ಟಿ ಅಲ್ಲಿ ಸ್ವಯಂಸೇವಕ ದಾದಿಯಾಗಿ ಸೇರಿ, ಆಮೇಲೆ ಔಷಧ ವಿಭಾಗಕ್ಕೆ ಬಂದರು. ಪರೀಕ್ಷೆ ಕಟ್ಟಿ 1917ರಲ್ಲಿ ಪಾಸಾದರು. ಸುತ್ತಲೂ ಕಪಾಟುಗಳಲ್ಲಿ ವಿಷದ ಸೀಸೆಗಳು. ಕೆಲಸದ ನಡುವೆ ಬಿಡುವು ಸಿಕ್ಕಾಗ ಮೊದಲ ಕಾದಂಬರಿಯ ಕೊಲೆ ಯಾವ ರೀತಿಯದಾಗಬೇಕೆಂದು ಯೋಚಿಸಿದರು. ವಿಷ ಕೈಯಳತೆಯಲ್ಲೇ ಇತ್ತು. ಎಷ್ಟು ಹಾಕಿದರೆ ಏನಾಗುತ್ತದೆ, ರುಚಿ ಕಹಿಯೋ ಸಪ್ಪೆಯೋ, ಎಷ್ಟು ಹೊತ್ತಿಗೆ ಏರುತ್ತದೆ, ಯಾವುದರ ಜೊತೆ ಬೆರೆತರೆ ಬೇರೆ ಗುಣ ತೋರುತ್ತದೆ ಎಂಬುದೆಲ್ಲ ಕೆಲಸದಲ್ಲೇ ಕಲಿತದ್ದು. ಆ ಕಾದಂಬರಿ 'ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್' ಬಂದಾಗ ಔಷಧ ತಯಾರಕರ ಪತ್ರಿಕೆಯೊಂದು ವಿಷದ ವಿವರ ಸರಿಯಾಗಿದೆಯೆಂದು ಮೆಚ್ಚಿ ಬರೆಯಿತು. ಸಾಹಿತ್ಯ ವಿಮರ್ಶಕರ ಹೊಗಳಿಕೆಗಿಂತ ಆ ಮಾತು ಅವರಿಗೆ ಹೆಚ್ಚು ಸಂತೋಷ ಕೊಟ್ಟಿತು.

ಆ ಕಾಲದಲ್ಲೇ ಇನ್ನೊಂದು ಘಟನೆ ನಡೆಯಿತು. ಅವರಿಗೆ ಕಲಿಸುತ್ತಿದ್ದ ಔಷಧ ತಯಾರಕರೊಬ್ಬರು ಒಮ್ಮೆ ದಶಮಾಂಶದ ಚುಕ್ಕೆಯನ್ನು ತಪ್ಪು ಜಾಗದಲ್ಲಿಟ್ಟು, ಔಷಧವನ್ನು ಹಲವು ಪಟ್ಟು ಹೆಚ್ಚು ಬೆರೆಸಿಬಿಟ್ಟರು. ಬಾಯಿಬಿಟ್ಟು ಹೇಳಿದರೆ ಅವರು ಒಪ್ಪುವವರಲ್ಲ. ಕಲಿಯಲು ಬಂದ ಕ್ರಿಸ್ಟಿ ಎಡವಿದವರಂತೆ ನಟಿಸಿ ಔಷಧವಿಟ್ಟಿದ್ದ ಹಲಗೆಯನ್ನೇ ಬೀಳಿಸಿ, ಔಷಧವನ್ನು ತುಳಿದು ಹಾಳು ಮಾಡಿದರು. ಅದೇ ಮನುಷ್ಯ ಕ್ಯುರಾರೆ ಎಂಬ ವಿಷದ ಉಂಡೆಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದರು. ಅದು ಜೇಬಿನಲ್ಲಿದ್ದರೆ ತಾನು ಬಲಶಾಲಿ ಎನ್ನಿಸುತ್ತದೆ ಎಂದು ಹೇಳಿದ್ದರಂತೆ. ಆ ಮಾತು ಕ್ರಿಸ್ಟಿಯ ಮನಸ್ಸಿನಲ್ಲಿ ನಾಲ್ಕು ದಶಕ ಕೂತಿದ್ದು 1961ರ 'ದಿ ಪೇಲ್ ಹಾರ್ಸ್' ಕಾದಂಬರಿಯಲ್ಲಿ ಹೊರಬಂತು. ಆ ಕಾದಂಬರಿಯಲ್ಲಿ ಥ್ಯಾಲಿಯಂ ವಿಷದ ಲಕ್ಷಣಗಳ ವರ್ಣನೆ ಎಷ್ಟು ಖಚಿತವಾಗಿತ್ತೆಂದರೆ, 1977ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅದನ್ನು ಓದುತ್ತಿದ್ದ ದಾದಿಯೊಬ್ಬರು, ಏನು ಕಾಯಿಲೆಯೆಂದು ವೈದ್ಯರಿಗೂ ತಿಳಿಯದೆ ನರಳುತ್ತಿದ್ದ ಮಗುವಿನಲ್ಲಿ ಅದೇ ಲಕ್ಷಣ ಗುರುತಿಸಿದರು. ಮಗು ಬದುಕಿತು.

ಗೊತ್ತಿಲ್ಲದ ಬಂದೂಕಿಗಿಂತ ಗೊತ್ತಿದ್ದ ವಿಷವೇ ಅವರಿಗೆ ಲೇಸೆನ್ನಿಸಿತು. ನೀವು ಭೂಮಾಪನ ಇಲಾಖೆಯಲ್ಲಿದ್ದರೆ ಪಹಣಿ, ಪೋಡಿ, ಹದ್ದುಬಸ್ತುಗಳಲ್ಲಿ ಹತ್ತು ಕೊಲೆಗೆ ಸಾಕಾಗುವಷ್ಟು ಕಾರಣಗಳಿವೆ. ಬ್ಯಾಂಕಿನಲ್ಲಿದ್ದರೆ ಲಾಕರ್ ರಿಜಿಸ್ಟರಿನಲ್ಲಿ ಯಾರು ಎಷ್ಟು ಹೊತ್ತಿಗೆ ಸಹಿ ಹಾಕಿದರು ಎಂಬುದೇ ಸುಳಿವು. ಲೈನ್‌ಮನ್ ಆಗಿದ್ದರೆ ಕರೆಂಟು ಯಾವ ಬೀದಿಗೆ ಹೋಯಿತು, ಯಾವ ಬೀದಿಗೆ ಹೋಗಲಿಲ್ಲ ಎಂಬುದು ನಿಮಗಲ್ಲದೆ ಬೇರೆ ಯಾರಿಗೆ ಗೊತ್ತು? ಲಂಡನ್ನು, ನ್ಯೂಯಾರ್ಕುಗಳ ಪತ್ತೇದಾರರನ್ನು ನಕಲು ಮಾಡುವ ಅಗತ್ಯವೇ ಇಲ್ಲ.

4. ಪಾತ್ರಕ್ಕೆ ಅಪರಿಚಿತರನ್ನು ಹುಡುಕಿ

ಪರಿಚಿತರನ್ನು ಪಾತ್ರ ಮಾಡಲು ಹೋದರೆ ಅವರು ಕಥೆಗೆ ಬಗ್ಗುವುದಿಲ್ಲ ಎಂಬುದನ್ನು ಕ್ರಿಸ್ಟಿ ಮೊದಲ ಕಾದಂಬರಿಯಲ್ಲೇ ಕಂಡುಕೊಂಡರು. ಒಂದು ದಿನ ಟ್ರಾಮಿನಲ್ಲಿ ಕಪ್ಪು ಗಡ್ಡದವನೊಬ್ಬ ಕೂತಿದ್ದ. ಪಕ್ಕದಲ್ಲಿ ವಟವಟ ಮಾತಾಡುವ ವಯಸ್ಸಾದ ಹೆಂಗಸು. ಅಷ್ಟು ಸಾಕಾಯಿತು. ಯುದ್ಧಕ್ಕೆ ಹೆದರಿ ಬೆಲ್ಜಿಯಂನಿಂದ ಬಂದ ನಿರಾಶ್ರಿತರು ಟಾರ್ಕಿಯಲ್ಲಿದ್ದರು. ಅವರಲ್ಲೊಬ್ಬ ನಿವೃತ್ತ ಪೊಲೀಸ್ ಅಧಿಕಾರಿ ಇದ್ದರೆ ಹೇಗೆ ಎಂಬ ಯೋಚನೆಯಿಂದ ಅವರ ಪತ್ತೇದಾರ ಹರ್ಕ್ಯೂಲ್ ಪೊಯ್ರೊ ಹುಟ್ಟಿದ. ಬಸ್ಸಿನಲ್ಲಿ ಎದುರು ಸೀಟಿನವರನ್ನು ನೋಡಿ. ಅವರ ಬದುಕು ನಿಮಗೆ ಗೊತ್ತಿಲ್ಲದಿರುವುದೇ ಅನುಕೂಲ.

5. ಗಟ್ಟಿ ಮೇಜು ಸಿಕ್ಕಿದರೆ ಕೂತುಬಿಡಿ

ಬರೆಯಲೆಂದೇ ಕೋಣೆಯಿಲ್ಲ, ಮೌನವಿಲ್ಲ, ಹೊತ್ತಿಲ್ಲ ಎನ್ನುವವರಿಗೆ: ಕ್ರಿಸ್ಟಿಗೆ ಬಹಳ ವರ್ಷ ಬರೆಯುವ ಕೋಣೆಯೇ ಇರಲಿಲ್ಲ. ಮಲಗುವ ಕೋಣೆಯ ಮುಖ ತೊಳೆಯುವ ಕಲ್ಲಿನ ಮೇಜೂ ಆಗುತ್ತಿತ್ತು, ಊಟದ ಹೊತ್ತು ಕಳೆದ ಮೇಲೆ ಊಟದ ಮೇಜೂ ಆಗುತ್ತಿತ್ತು. ಟೈಪ್‌ರೈಟರ್ ಅಲುಗದಿದ್ದರೆ ಸಾಕು. ಪತ್ರಕರ್ತರು ಬಂದು ಬರೆಯುವ ಜಾಗದ ಫೋಟೋ ಬೇಕೆಂದಾಗ ತೋರಿಸಲು ಜಾಗವಿರುತ್ತಿರಲಿಲ್ಲ. ಕಥೆ ಹೆಣೆಯುವುದು ದೊಡ್ಡ ಸ್ನಾನದ ತೊಟ್ಟಿಯಲ್ಲಿ, ಸೇಬು ತಿನ್ನುತ್ತಾ.

ಪುರಾತತ್ವಜ್ಞ ಮ್ಯಾಕ್ಸ್ ಮ್ಯಾಲೋವನ್ ಅವರನ್ನು 1930ರಲ್ಲಿ ಮದುವೆಯಾದ ಮೇಲೆ ಸಿರಿಯಾ, ಇರಾಕ್‌ಗಳ ಉತ್ಖನನದ ಬಿಡಾರಗಳಲ್ಲೂ ಬರೆದರು. ಗಂಡನ ಕೆಲಸವನ್ನು ದೂರದಿಂದ ನೋಡುತ್ತಾ ಕೂರಲಿಲ್ಲ. ಸಿಕ್ಕ ವಸ್ತುಗಳ ಫೋಟೋ ತೆಗೆದರು, ಇರಾಕಿನ ನಿಮ್ರುದ್‌ನಲ್ಲಿ ಸಿಕ್ಕ ದಂತದ ಕೆತ್ತನೆಗಳನ್ನು ಮುಖಕ್ಕೆ ಹಚ್ಚುವ ಕ್ರೀಮಿನಿಂದ ಒರೆಸಿ ಶುಚಿ ಮಾಡಿದರು. ಅಲ್ಲೇ ಐವತ್ತು ಪೌಂಡ್ ಖರ್ಚಿನಲ್ಲಿ ಮಣ್ಣಿಟ್ಟಿಗೆಯ ಸಣ್ಣ ಕೋಣೆಯೊಂದನ್ನು ಕಟ್ಟಿಸಿಕೊಂಡು 1950ರಲ್ಲಿ ಆತ್ಮಕಥೆಯ ಮೊದಲ ಪುಟಗಳನ್ನು ಬರೆದರು. 'ಮರ್ಡರ್ ಇನ್ ಮೆಸೊಪೊಟೇಮಿಯಾ'ದಂಥ ಕಾದಂಬರಿಗೆ ಉತ್ಖನನದ ಧೂಳು ತಿಂದವರ ಕಣ್ಣೇ ಬೇಕಿತ್ತು.

6. ಸಂಭಾಷಣೆಯನ್ನು ಬಾಯಿಬಿಟ್ಟು ಆಡಿ

ಮೊದಲ ಕಾದಂಬರಿ ಅರ್ಧಕ್ಕೆ ನಿಂತಾಗ ಕ್ರಿಸ್ಟಿ ಡಾರ್ಟ್‌ಮೂರಿನ ಹೇಟಾರ್ ಬಳಿಯ ಹೋಟೆಲಿನಲ್ಲಿ ಉಳಿದು ಮುಗಿಸಿದರು. ಬೆಳಗ್ಗೆಯೆಲ್ಲ ಕೈ ನೋಯುವಷ್ಟು ಬರೆಯುವುದು, ಊಟದ ನಂತರ ಬಯಲಿನಲ್ಲಿ ಒಬ್ಬರೇ ನಡೆಯುತ್ತಾ ಮುಂದಿನ ಅಧ್ಯಾಯದ ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡಿ ನೋಡುವುದು. ಅದಕ್ಕೂ ಮೊದಲು, ಹದಿಹರೆಯದಲ್ಲಿ ಬರೆದ ಪ್ರಯತ್ನವೊಂದನ್ನು ನೆರೆಮನೆಯ ಕಾದಂಬರಿಕಾರ ಈಡನ್ ಫಿಲ್‌ಪಾಟ್ಸ್ ಓದಿ, ನೀತಿಬೋಧೆಯನ್ನೆಲ್ಲ ಕಿತ್ತುಹಾಕಿ ಪಾತ್ರಗಳನ್ನೇ ಮಾತಾಡಲು ಬಿಡು ಎಂಬ ಅರ್ಥದ ಸಲಹೆ ಕೊಟ್ಟಿದ್ದರು. ಕ್ರಿಸ್ಟಿಯ ಪುಟಗಳು ಬಹುಪಾಲು ಮಾತುಕತೆಯಿಂದಲೇ ತುಂಬಿರುವುದು ಹಾಗಾಗಿ. ಕನ್ನಡದಲ್ಲಿ ಇದು ಇನ್ನೂ ಮುಖ್ಯ. ಧಾರವಾಡದ ಕಾನ್‌ಸ್ಟೇಬಲ್ಲೂ ಮಂಡ್ಯದ ಗೌಡರೂ ಒಂದೇ ಪಠ್ಯಪುಸ್ತಕದ ಕನ್ನಡ ಆಡಿದರೆ ಸುಳ್ಳಾಡುವವರು ಯಾರೆಂದು ಓದುಗರು ಕಿವಿಯಿಂದ ಹಿಡಿಯುವುದು ಹೇಗೆ?

7. ಸುಳಿವನ್ನು ಕಣ್ಣೆದುರಿಗೇ ಇಡಿ

ಉಳಿದ ಸೂತ್ರಗಳೆಲ್ಲ ಇದಕ್ಕಾಗಿ ಇವೆ. ಕೊನೆಯ ಅಧ್ಯಾಯದಲ್ಲಿ ಹೊಸ ಅಣ್ಣ, ಹೊಸ ಉಯಿಲು, ಹೊಸ ಅವಳಿ ಮಕ್ಕಳನ್ನು ತಂದು ನಿಲ್ಲಿಸಿದರೆ ಓದುಗರು ನಿಮ್ಮ ಪುಸ್ತಕವನ್ನು ಇನ್ನೆಂದೂ ಕೊಳ್ಳುವುದಿಲ್ಲ, ಕೊಳ್ಳಲೂಬಾರದು. ಪತ್ತೇದಾರನಿಗೆ ಕಂಡದ್ದೆಲ್ಲ ಓದುಗರಿಗೂ ಕಂಡಿರಬೇಕು. 1930ರಲ್ಲಿ ಲಂಡನ್ನಿನಲ್ಲಿ ಶುರುವಾದ ಪತ್ತೇದಾರಿ ಲೇಖಕರ ಡಿಟೆಕ್ಷನ್ ಕ್ಲಬ್ಬಿನ ಸದಸ್ಯರು, ಓದುಗರಿಂದ ಮುಖ್ಯ ಸುಳಿವನ್ನು ಮುಚ್ಚಿಡುವುದಿಲ್ಲ ಎಂದು ಪ್ರಮಾಣವನ್ನೇ ಮಾಡುತ್ತಿದ್ದರು. ಕ್ರಿಸ್ಟಿ 1957ರಿಂದ ಕೊನೆಯವರೆಗೂ ಅದರ ಅಧ್ಯಕ್ಷರಾಗಿದ್ದರು.

ಹಾಗಾದರೆ ಕಣ್ಣೆದುರಿನ ಸುಳಿವು ಕಾಣದಂತೆ ಮಾಡುವುದು ಹೇಗೆ? ಒಂದು ದಾರಿ, ಅದನ್ನು ಪಟ್ಟಿಯ ನಡುವೆ ಇಡುವುದು. ಸಾಗರದ ಅಡಿಕೆ ವ್ಯಾಪಾರಿಯೊಬ್ಬರು ಸತ್ತಿದ್ದಾರೆ ಎಂದುಕೊಳ್ಳಿ. ಮೇಜಿನ ಮೇಲೆ ಕನ್ನಡಕ, ನಶ್ಯದ ಡಬ್ಬಿ, ಅರ್ಧ ಕುಡಿದ ಕಾಫಿ ಲೋಟ, ಮಂಡಿಯ ರಶೀದಿ, ಹರಿದ ಕಾಗದ. ಓದುಗರು ಹರಿದ ಕಾಗದದ ಹಿಂದೆ ಓಡುತ್ತಾರೆ. ಎರಡು ಅಧ್ಯಾಯದ ಹಿಂದೆ ಸೊಸೆಯೊಬ್ಬಳು ಬೇರೆ ಏನೋ ಗೊಣಗುತ್ತಾ, ಮಾವನವರು ಕಾಫಿ ಬಿಟ್ಟು ವರ್ಷವಾಯಿತು, ಎರಡು ಹೊತ್ತೂ ಕಷಾಯ ಕಾಸುವುದೇ ಆಯಿತು ಎಂದಿದ್ದಳು. ಎರಡೂ ಓದುಗರ ಕೈಯಲ್ಲಿವೆ. ಜೋಡಿಸಿಕೊಂಡಿಲ್ಲ, ಅಷ್ಟೆ.

ಇನ್ನೊಂದು ದಾರಿ, ನಿಜವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದವರ ಬಾಯಲ್ಲಿ ಹೇಳಿಸುವುದು: ಹರಟೆಮಲ್ಲಿ, ಮಗು, ಅರಳುಮರಳಿನ ಅಜ್ಜ, ಮನೆಗೆಲಸದವಳು. ಇದನ್ನು ಬರೆಯುವಾಗ ಒಂದು ಎಚ್ಚರ ಬೇಕು. ಓದುಗರು ಅವರ ಮಾತನ್ನು ತಳ್ಳಿಹಾಕುವುದು ಸಮಾಜದ ರೂಢಿಯಿಂದ, ನೀವು ಅವರನ್ನು ಅಗ್ಗವಾಗಿ ಚಿತ್ರಿಸಬೇಕಾದದ್ದಿಲ್ಲ. ಮೂರನೆಯ ದಾರಿ, ಸುಳಿವು ಬಿದ್ದ ಮರುಕ್ಷಣವೇ ಫೋನು ಬಡಿಯುವಂತೆ ಮಾಡುವುದು, ಯಾರೋ ಕಿರುಚುವಂತೆ ಮಾಡುವುದು. ನಾಲ್ಕನೆಯದು ಎಲ್ಲಕ್ಕಿಂತ ಕಷ್ಟ. ಎರಡು ಅರ್ಥಕ್ಕೂ ಒದಗುವ ವಾಕ್ಯ ಬರೆಯುವುದು. ಮೊದಲ ಓದಿಗೆ ಒಂದರ್ಥ, ಗುಟ್ಟು ತಿಳಿದ ಮೇಲೆ ಮತ್ತೊಂದು. ಎರಡೂ ನಿಜವಾಗಿರಬೇಕು.

1926ರ 'ದಿ ಮರ್ಡರ್ ಆಫ್ ರೋಜರ್ ಆ್ಯಕ್ರಾಯ್ಡ್' ಬಂದಾಗ ಕೆಲವರು ಇದು ಮೋಸ ಎಂದು ಕೂಗೆಬ್ಬಿಸಿದರು. ಸಮಕಾಲೀನ ಪತ್ತೇದಾರಿ ಲೇಖಕಿ ಡೊರೊಥಿ ಸೇಯರ್ಸ್ ಕ್ರಿಸ್ಟಿಯ ಪರ ನಿಂತರು: ಎಲ್ಲರನ್ನೂ ಅನುಮಾನಿಸುವುದು ಓದುಗರ ಕೆಲಸ ಎಂಬುದು ಅವರ ವಾದ. ಆ ಪುಸ್ತಕವನ್ನು ಎರಡನೇ ಸಲ ಓದಿದವರು ಸೇಯರ್ಸ್ ಪಕ್ಷಕ್ಕೇ ಸೇರುತ್ತಾರೆ ಎಂದು ನಾನು ನಂಬಿದ್ದೇನೆ. ಅದರ ಮೂಲ ಹೊಳಹು ಇಬ್ಬರಿಂದ, ಬೇರೆ ಬೇರೆಯಾಗಿ ಬಂದದ್ದು: ಅಕ್ಕನ ಗಂಡ ಜೇಮ್ಸ್ ವಾಟ್ಸ್ ಮಾತಿನಲ್ಲಿ ಹೇಳಿದ್ದರು, ಲಾರ್ಡ್ ಮೌಂಟ್‌ಬ್ಯಾಟನ್ ಪತ್ರ ಬರೆದಿದ್ದರು. ಹೊಳಹು ಯಾರಿಗಾದರೂ ಬರಬಹುದು. ಒಂದೂ ಸುಳ್ಳು ಹೇಳದೆ ಅದನ್ನು ಇಡೀ ಪುಸ್ತಕದುದ್ದ ಹೊತ್ತು ನಡೆಯುವುದು ಬರಹಗಾರರ ಪಾಲಿನ ದುಡಿಮೆ.

8. ಪತ್ತೇದಾರನ ವಯಸ್ಸು ಯೋಚಿಸಿ ಬರೆಯಿರಿ

ಮೊದಲ ಕಾದಂಬರಿಯಲ್ಲೇ ಪೊಯ್ರೊ ನಿವೃತ್ತ. ಅವನು ಇನ್ನೂ ಐವತ್ತೈದು ವರ್ಷ ತಮ್ಮ ಜೊತೆ ಇರುತ್ತಾನೆಂದು ಕ್ರಿಸ್ಟಿ ಎಣಿಸಿರಲಿಲ್ಲ. ಲೆಕ್ಕ ಹಾಕಿದರೆ ನೂರು ದಾಟಿದ ಪತ್ತೇದಾರ! ಅವನ ಬಗ್ಗೆ ಅವರಿಗೆ ಬೇಸರವೂ ಬಂತು, ಆದರೂ ಓದುಗರಿಗಾಗಿ ಉಳಿಸಿಕೊಂಡರು.

ಅವರ ಇನ್ನೊಂದು ಪತ್ತೇದಾರಿ ಪಾತ್ರವಾದ ಮಿಸ್ ಮಾರ್ಪಲ್ ಹುಟ್ಟಿದ ರೀತಿ ಇನ್ನೂ ಚೆಂದ. 'ಆ್ಯಕ್ರಾಯ್ಡ್' ಕಾದಂಬರಿಯಲ್ಲಿ ಕ್ಯಾರೊಲಿನ್ ಎಂಬ ಮದುವೆಯಾಗದ, ವಯಸ್ಸಾದ ಹೆಂಗಸಿದ್ದಾಳೆ. ಊರ ಸುದ್ದಿಯೆಲ್ಲ ಮನೆಯಲ್ಲಿ ಕೂತೇ ಬಲ್ಲವಳು. ಆ ಕಾದಂಬರಿಯನ್ನು ಬೇರೆಯವರು ನಾಟಕ ಮಾಡಿದಾಗ ಅವಳ ಜಾಗಕ್ಕೆ ಚೆಲುವೆಯಾದ ಹರೆಯದ ಹುಡುಗಿಯನ್ನು ತಂದರು. ಕ್ರಿಸ್ಟಿಗೆ ಬಹಳ ನೋವಾಯಿತು. ಆ ವಯಸ್ಸಿನ ಹೆಂಗಸರ ಬುದ್ಧಿಗೆ ಸಲ್ಲಬೇಕಾದ ಜಾಗವನ್ನು ಮಾರ್ಪಲ್ ಮೂಲಕ ಕೊಟ್ಟರು. ನಿಮ್ಮ ಹಸ್ತಪ್ರತಿಯಲ್ಲೂ ಮೂಲೆಯಲ್ಲಿ ಕೂತು ಎಲ್ಲ ಗಮನಿಸುವ ಪಾತ್ರವೊಂದಿರಬಹುದು. ಮುಂದಿನ ಪುಸ್ತಕ ಅವಳದಾಗಲಿ.

9. ಮನಸ್ಸಿಲ್ಲದ ದಿನವೂ ಬರೆಯಿರಿ

1926 ಕ್ರಿಸ್ಟಿಯ ಬದುಕಿನ ಅತಿ ಕೆಟ್ಟ ವರ್ಷ. ತಾಯಿ ತೀರಿಕೊಂಡರು, ಮೊದಲ ಗಂಡ ವಿಚ್ಛೇದನ ಕೇಳಿದ, ಡಿಸೆಂಬರಿನಲ್ಲಿ ಹನ್ನೊಂದು ದಿನ ಅವರು ಎಲ್ಲಿದ್ದಾರೆಂದೇ ಯಾರಿಗೂ ತಿಳಿಯಲಿಲ್ಲ. ಮರುವರ್ಷ ಪುಟ್ಟ ಮಗಳನ್ನು ಕರೆದುಕೊಂಡು ಕ್ಯಾನರಿ ದ್ವೀಪಗಳಿಗೆ ಹೋಗಿ, ಹಣಕ್ಕಾಗಿ, ಒಂದಿಷ್ಟೂ ಉತ್ಸಾಹವಿಲ್ಲದೆ 'ದಿ ಮಿಸ್ಟರಿ ಆಫ್ ದಿ ಬ್ಲೂ ಟ್ರೇನ್' ಮುಗಿಸಿದರು. ಆ ಪುಸ್ತಕವನ್ನು ಕೊನೆಯವರೆಗೂ ಅವರು ಮೆಚ್ಚಲಿಲ್ಲ. ಆದರೆ ಹವ್ಯಾಸಿಯಾಗಿದ್ದ ತಾವು ವೃತ್ತಿಪರ ಲೇಖಕಿಯಾದದ್ದು ಆಗಲೇ ಎಂದು ಗುರುತಿಸಿಕೊಂಡರು. ಇದನ್ನು ಓದಿದಾಗಲೆಲ್ಲ ನನಗೆ ಅವರ ಮೇಲಿನ ಗೌರವ ಹೆಚ್ಚುತ್ತದೆ.

10. ವಾಪಸು ಬಂದ ಹಸ್ತಪ್ರತಿಗೆ ಹೆದರಬೇಡಿ, ಕರಾರಿಗೆ ಹೆದರಿ

'ಸ್ಟೈಲ್ಸ್' ಹಲವು ಪ್ರಕಾಶಕರಿಂದ ಹಿಂದಿರುಗಿತು. ಬಾಡ್ಲಿ ಹೆಡ್ ಸಂಸ್ಥೆಯ ಜಾನ್ ಲೇನ್ ಕೊನೆಗೆ ಕರೆಸಿ, ನ್ಯಾಯಾಲಯದಲ್ಲಿ ನಡೆಯುವ ಕೊನೆಯ ಅಧ್ಯಾಯ ಸಹಜವಾಗಿಲ್ಲ, ಬದಲಿಸಿ ಎಂದರು. ಬದಲಿಸಿದರು. ಪತ್ತೇದಾರ ಎಲ್ಲರನ್ನೂ ಒಂದೆಡೆ ಸೇರಿಸಿ ಗುಟ್ಟು ಬಿಡಿಸುವ ಕ್ರಿಸ್ಟಿಯ ಹೆಸರಾಂತ ಶೈಲಿ ಆ ತಿದ್ದುಪಡಿಯಲ್ಲೇ ಕಾಣಿಸಿಕೊಂಡಿತು. ಪುಸ್ತಕ 1920ರಲ್ಲಿ ಅಮೆರಿಕದಲ್ಲಿ, 1921ರಲ್ಲಿ ಇಂಗ್ಲೆಂಡಿನಲ್ಲಿ ಬಂತು. ಅದರಿಂದ ಕೈಗೆ ಸಿಕ್ಕಿದ್ದು 25 ಪೌಂಡ್. ಸಂತೋಷದಲ್ಲಿ ಸಹಿ ಹಾಕಿದ ಕರಾರು ಮುಂದಿನ ಐದು ಪುಸ್ತಕಗಳನ್ನೂ ಕಟ್ಟಿಹಾಕಿತ್ತು. ಎಡ್ಮಂಡ್ ಕಾರ್ಕ್ ಎಂಬ ಏಜೆಂಟರ ನೆರವು ಸಿಕ್ಕಿ, 'ಆ್ಯಕ್ರಾಯ್ಡ್' ಹೊತ್ತಿಗೆ ಬೇರೆ ಪ್ರಕಾಶಕರಲ್ಲಿಗೆ ಬಂದರು. ಸಿನಿಮಾ, ಆಡಿಯೋ, ಇ-ಪುಸ್ತಕ, ಅನುವಾದ, ಒಂದೊಂದೂ ಬೇರೆ ಬೇರೆ ಹಕ್ಕು. ಬಾಯಿಮಾತಿಗೆ ಬಿಡದೆ ಕಾಗದದ ಮೇಲೆ ಬರೆಸಿಕೊಳ್ಳಿ.

11. ಸಣ್ಣದಾಗಿ ಮುಗಿಸಿ

ಪತ್ತೇದಾರಿಗೆ 50,000 ಪದ ಸರಿಯಾದ ಅಳತೆ ಎಂಬುದು ಕ್ರಿಸ್ಟಿಯ ಅಭಿಪ್ರಾಯ. ಪ್ರಕಾಶಕರು ಹೆಚ್ಚು ಕೇಳುತ್ತಿದ್ದರು. ನಾನು ಕ್ರಿಸ್ಟಿಯ ಕಡೆ.

12. ಬೇರೆ ಹೆಸರಿನಲ್ಲಿ ಬೇರೆಯದನ್ನೂ ಬರೆಯಿರಿ

ಮೇರಿ ವೆಸ್ಟ್‌ಮಕಾಟ್ ಎಂಬ ಹೆಸರಿನಲ್ಲಿ ಕ್ರಿಸ್ಟಿ ಕೊಲೆಯೇ ಇಲ್ಲದ ಆರು ಕಾದಂಬರಿ ಬರೆದರು. ಸುಮಾರು ಇಪ್ಪತ್ತು ವರ್ಷ ಆ ಗುಟ್ಟು ಹೊರಬರಲಿಲ್ಲ. ಅವುಗಳಲ್ಲೊಂದಾದ 'ಆ್ಯಬ್ಸೆಂಟ್ ಇನ್ ದಿ ಸ್ಪ್ರಿಂಗ್' ವರ್ಷಗಳ ಕಾಲ ಮನಸ್ಸಿನಲ್ಲೇ ಬೆಳೆದು, ಎರಡನೇ ಮಹಾಯುದ್ಧದ ಕಾಲದಲ್ಲಿ ಮೂರೇ ದಿನದಲ್ಲಿ ಕಾಗದಕ್ಕೆ ಇಳಿಯಿತು. ಮೊದಲ ಅಧ್ಯಾಯವಾದ ಕೂಡಲೇ ಕೊನೆಯ ಅಧ್ಯಾಯ ಬರೆದರು. ಎಲ್ಲಿಗೆ ಮುಟ್ಟಬೇಕೆಂದು ಅಷ್ಟು ಸ್ಪಷ್ಟವಿತ್ತು. ಆಗ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೆ ನೆವ ಹೇಳಿ ರಜೆ ಹಾಕಿ ಮುಗಿಸಿದರು. ಸುಳಿವು, ಸಮಯ, ಸಾಕ್ಷಿಗಳ ಲೆಕ್ಕದಲ್ಲೇ ಇದ್ದರೆ ಕೈ ಬಿಗಿಯುತ್ತದೆ. ಅದನ್ನು ಸಡಿಲಿಸಲು ಇದು ಒಳ್ಳೆಯ ಉಪಾಯ.

13. ಮನೆಯವರ ಮುಂದೆ ಓದಿ

ಡೆವನ್‌ನ ಗ್ರೀನ್‌ವೇ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಕ್ರಿಸ್ಟಿ ಹೊಸ ಕಾದಂಬರಿಯನ್ನು ಮನೆಯವರಿಗೆ ಓದಿ ಹೇಳುತ್ತಿದ್ದರು. ಕೇಳುವವರು ಕೊಲೆಗಾರ ಯಾರೆಂದು ಊಹಿಸುತ್ತಿದ್ದರು. ನೀವೂ ನಾಲ್ಕೈದು ಜನರನ್ನು ಕೂರಿಸಿಕೊಳ್ಳಿ. ಅರ್ಧ ಓದಿ ನಿಲ್ಲಿಸಿ, ಯಾರ ಮೇಲೆ ಅನುಮಾನ ಎಂದು ಚೀಟಿಯಲ್ಲಿ ಬರೆಯಲು ಹೇಳಿ. ಬಾಯಿಬಿಟ್ಟು ಹೇಳಿದರೆ ಒಬ್ಬರ ಮಾತು ಇನ್ನೊಬ್ಬರನ್ನು ಎಳೆಯುತ್ತದೆ. ಎಲ್ಲರೂ ಸರಿಯಾದ ಹೆಸರು ಬರೆದರೆ ಕೊಲೆಗಾರನನ್ನು ಬದಲಿಸಬೇಡಿ. ಯಾವ ಸಾಲಿನಿಂದ ಗೊತ್ತಾಯಿತು ಎಂದು ಕೇಳಿ, ಆ ಸಾಲನ್ನು ಜನಜಂಗುಳಿಯಿರುವ ಬೇರೆ ದೃಶ್ಯಕ್ಕೆ ಒಯ್ಯಿರಿ. ಒಬ್ಬರೂ ಆ ಹೆಸರು ಬರೆಯದಿದ್ದರೆ ಕೊನೆಯವರೆಗೂ ಓದಿ, ಗುಟ್ಟು ಒಡೆದ ಮೇಲೆ ಅವರಿಗೆ ಹಿಂದಿನ ಸುಳಿವುಗಳು ತಾವಾಗಿ ನೆನಪಾಗುತ್ತವೆಯೇ ನೋಡಿ. ನೆನಪಾಗದಿದ್ದರೆ ಸುಳಿವು ಸಾಲದು. ಏಳನೇ ಸೂತ್ರಕ್ಕೆ ಮರಳಿ, ಇನ್ನೆರಡು ಸೇರಿಸಿ.